ಬಾಗಿಲ ಪಕ್ಕದ ಕುರ್ಚಿ

ಕಾಲೇಜಿನವರೆಲ್ಲ ಅವರನ್ನು ಕುರ್ಚಿ ಅಕ್ಕ ಎಂದೇ ಕರೆಯುತ್ತಿದ್ದರು. ಲೈಂಗಿಕ ಕಿರುಕುಳದ ದೂರು ಬಂದಾಗ, ನೊಂದವರು ಬಯಸಿದರೆ ಮಾತ್ರ, ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸುವುದು ಅವರ ಕೆಲಸ. ಕುರ್ಚಿಗಳನ್ನು ತಾವೇ ಹಾಕಬೇಕು, ಜವಾನನಿಗೂ ಮುಟ್ಟಲು ಬಿಡರು. ನಡುವೆ ಮೇಜು ಕೂಡದು. ಬಾಗಿಲ ಪಕ್ಕದ ಕುರ್ಚಿ ನೊಂದವರಿಗೆ, ಸಾಕೆನಿಸಿದಾಗ ಯಾರನ್ನೂ ದಾಟದೆ ಎದ್ದು ಹೋಗಲು.

ಹಾಸ್ಟೆಲ್ ವಾರ್ಡನ್‌ಗೆ ಇದೆಲ್ಲ ಬರೀ ನಾಟಕವೆನಿಸಿತ್ತು. ಒಮ್ಮೆ ಮುಖಕ್ಕೇ ಹೇಳಿಬಿಟ್ಟಳು: "ಅಂಥೋರ್ನ ಕತ್ತು ಹಿಡಿದು ಹೊರಗೆ ದಬ್ಬೋದು ಬಿಟ್ಟು ಇದೇನ್ರೀ ಪಂಚಾಯ್ತಿ?"

"ದಬ್ಬೋಣ ಮೇಡಂ, ಆ ದಾರಿ ಇದ್ದೇ ಇದೆ," ಎಂದರು ಅಕ್ಕ. "ನಾನು ದೂರು ಸಮಿತೀಲಿ ಗುಮಾಸ್ತೆ ಆಗಿದ್ದೋಳು. ಹುಡುಗರನ್ನ ಹೊರಗೆ ಹಾಕ್ತಿದ್ವಿ. ಹಿಂದೇನೇ ಹುಡುಗೀರೂ ಓದು ಬಿಟ್ಟು ಹೋಗ್ತಿದ್ರು. ನಿನಗೇನಮ್ಮಾ ಬೇಕು ಅಂತ ಅವರನ್ನ ಒಬ್ಬರೂ ಕೇಳಿರ್ಲಿಲ್ಲ."

ಆ ಪ್ರಶ್ನೆಯ ಬೆನ್ನು ಹತ್ತಿಯೇ ಅಕ್ಕ ಸಂಜೆ ಕಾಲೇಜು ಸೇರಿ ಕಾನೂನು ಓದಿದ್ದರು, ಗುಮಾಸ್ತಗಿರಿ ಬಿಟ್ಟು ಈ ಕೆಲಸ ಹಿಡಿದಿದ್ದರು. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ವರ್ಷವೂ ಪಾಠ ಮಾಡುತ್ತಿದ್ದರು: ಗೆಳತಿ ಯಾರದೋ ಕಾಟದಿಂದ ಇಕ್ಕಟ್ಟಿನಲ್ಲಿದ್ದಾಳೆ ಎನಿಸಿದರೆ ಜಗಳಕ್ಕೆ ನಿಲ್ಲಬೇಡಿ, "ಎಲ್ಲಿದ್ದೀಯೇ, ಆಗಿಂದ ಹುಡುಕ್ತಿದೀನಿ" ಅಂತ ಕೈಹಿಡಿದು ಕರೆದುಕೊಂಡು ಬನ್ನಿ. "ಊರವರ ಜಗಳ ಎಲ್ಲಾ ಬಿಡಿಸ್ತಾಳೆ, ಮನೇಲಿ ಟಿವಿ ರಿಮೋಟಿಂದು ಬಿಡಿಸೋಕಾಗಲ್ಲ," ಎಂದು ಅವರ ಅತ್ತೆ ನೆಂಟರ ಮುಂದೆ ಗೊಣಗುತ್ತಿದ್ದುದೂ ಉಂಟು.

ಆ ವರ್ಷ ಎರಡನೇ ವರ್ಷದ ಹುಡುಗಿಯೊಬ್ಬಳನ್ನು ಸಹಪಾಠಿ ಲೈಬ್ರರಿಯ ಕಪಾಟಿನ ಹಿಂದೆ ತಡೆದು, ಒತ್ತಾಯದಿಂದ ಮುತ್ತಿಟ್ಟಿದ್ದ. ಅವಳು ಲೈಬ್ರರಿ ಬಿಟ್ಟಳು, ಊಟ ಬಿಟ್ಟಳು, ಕೊನೆಗೆ ಊರಿಗೆ ಹೋಗಿಬಿಡುತ್ತೇನೆಂದು ಸೂಟ್‌ಕೇಸು ಕಟ್ಟಿ ಮಂಚದಡಿ ಇಟ್ಟಳು. ಅಕ್ಕ ಕೇಳಿದಾಗ ಹೇಳಿದ್ದು ಒಂದೇ ಮಾತು: "ಅವನು ಮಾಡಿದ್ದನ್ನ ಅವನ ಬಾಯಿಂದಲೇ ಕೇಳ್ಬೇಕು." ತನ್ನ ಕಡೆಯವರಾಗಿ ಪಕ್ಕದಲ್ಲಿ ಕೂರಲು ವಾರ್ಡನ್ನನ್ನೇ ಆರಿಸಿಕೊಂಡಳು.

ಅಕ್ಕ ವಾರಗಟ್ಟಲೆ ಇಬ್ಬರನ್ನೂ ಬೇರೆಬೇರೆ ಕಂಡು ಮಾತಾಡಿಸಿದರು. ಆಮೇಲೆಯೇ ಕುರ್ಚಿ ಹಾಕಿದ್ದು. ಹುಡುಗ ಬಾಯಿ ತೆರೆದವನೇ "ಕ್ಷಮಿಸಿ" ಎಂದು ಬಿಕ್ಕಿಬಿಕ್ಕಿ ಅತ್ತ. ಹಾಸ್ಟೆಲಿನಲ್ಲಿ ಅಳುವ ಮಕ್ಕಳನ್ನು ಸಂತೈಸಿಯೇ ಅಭ್ಯಾಸವಾದ ವಾರ್ಡನ್ ಹಿಂದೆಮುಂದೆ ನೋಡದೆ ಎದ್ದು, ಲೋಟಕ್ಕೆ ನೀರು ಬಗ್ಗಿಸಿ ಅವನ ಕೈಗಿತ್ತಳು. ತಿರುಗಿ ನೋಡಿದರೆ ಬಾಗಿಲ ಪಕ್ಕದ ಕುರ್ಚಿ ಖಾಲಿ.

ವಾರ್ಡನ್‌ಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅಕ್ಕ ಬೈಯಲಿಲ್ಲ. "ಹೋಗಿ ಮೇಡಂ. ಏನು ಮಾಡಿದ್ರೋ ಅದನ್ನ ಹೇಳಿ. ಯಾಕೆ ಮಾಡಿದೆ ಅಂತ ಮಾತ್ರ ಬೇಡ," ಎಂದರು.

ಹುಡುಗಿ ಬಾಗಿಲಾಚೆ ಕಾರಿಡಾರಿನ ಗೋಡೆಗೆ ಮುಖ ಮಾಡಿ ನಿಂತಿದ್ದಳು. ನನ್ನ ಮನಸ್ಸಲ್ಲಿ ಏನೂ ಇರಲಿಲ್ಲ ಕಣೇ, ಎಂಬ ಮಾತು ವಾರ್ಡನ್ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಇಷ್ಟು ಕಷ್ಟವೇ ಇದು!

"ನಿನ್ನ ಕಡೆಯೋಳಾಗಿ ಬಂದು ಅವನಿಗೆ ನೀರು ಕೊಟ್ಟೆ. ನಿನ್ನ ಕಡೆ ತಿರುಗೀನೂ ನೋಡ್ಲಿಲ್ಲ. ನಿನ್ನ ಒಂಟಿ ಮಾಡ್ದೆ."

ಹುಡುಗಿ ಗೋಡೆಯಿಂದ ತಿರುಗಿ ವಾರ್ಡನ್ ಮುಖ ನೋಡಿದಳು. ಆಮೇಲೆ ತಾನೇ ಮುಂದಾಗಿ ಒಳಗೆ ನಡೆದಳು.

ಬಾಗಿಲು ತೆರೆದೇ ಇತ್ತು; ಹುಡುಗನಿಗೆ ಅಷ್ಟೂ ಕೇಳಿಸಿತ್ತು. ಅಕ್ಕ ಅವನಿಗೆ, "ಅಳು ಬಂದ್ರೆ ಅಳು, ಆದ್ರೆ ಹೇಳು," ಎಂದರು. ಅವನು ಲೋಟ ಕೆಳಗಿಟ್ಟ.

"ದಾರಿಗೆ ಅಡ್ಡ ನಿಂತೆ. ಬೇಡ ಅಂದ್ಲು. ನನಗೆ ಕೇಳಿಸ್ತು." ತಲೆ ಎತ್ತಿದ. "ಕೇಳಿಸಿದ ಮೇಲೂ ಬಿಡ್ಲಿಲ್ಲ."

ಹುಡುಗಿಯ ಭುಜ ಮೆಲ್ಲಗೆ ಇಳಿದುದನ್ನು ವಾರ್ಡನ್ ಕಣ್ಣಾರೆ ಕಂಡಳು. ಎಷ್ಟೋ ಮಂದಿಯನ್ನು ಹೊರಗೆ ದಬ್ಬಿದ್ದರೂ ಇದನ್ನು ಮಾತ್ರ ಆಕೆ ಎಂದೂ ಕಂಡಿರಲಿಲ್ಲ. ಅಕ್ಕನ ಕಡೆ ನೋಡಿದಳು. ಬರೀ ನಾಲ್ಕು ಕುರ್ಚಿ ಇಟ್ಟುಕೊಂಡು ಈ ಹೆಂಗಸು ಇಂಥದ್ದನ್ನು ಮಾಡುತ್ತಾರಲ್ಲ!

"ನಾನು ಓದು ಮುಗಿಸೋ ತನಕ ಅವನು ಲೈಬ್ರರಿಗೆ ಕಾಲಿಡಬಾರದು," ಎಂದಳು ಹುಡುಗಿ. ಅವನು ಒಪ್ಪಿದ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಹೇಳೆಂದು ಯಾರೂ ಅನ್ನಲಿಲ್ಲ.

ಎಲ್ಲ ಮುಗಿದು ಅಕ್ಕ ಕುರ್ಚಿ ಎತ್ತಿಡತೊಡಗಿದಾಗ ಹುಡುಗಿ ವಾರ್ಡನ್ ಬಳಿ ಬಂದು ನಿಂತಳು.

"ಮೇಡಂ, ಪುಸ್ತಕ ಎಲ್ಲಾ ಸೂಟ್‌ಕೇಸಿನ ಅಡೀಲಿ ಹಾಕ್ಬಿಟ್ಟಿದೀನಿ. ಬಿಚ್ಚೋಕೆ ಸ್ವಲ್ಪ ಬರ್ತೀರಾ?"