ಗಾಜಿನ ವ್ಯಾನಿನ ಮುಂದಿನ ಸೀಟು

ಹೋದ ವಾರ ಮನೆಗೆ ಪೇಂಟ್ ಹೊಡೆಸುವಾಗ ಪೇಂಟಿನವರು ನಮ್ಮ ದೇವರ ಪೀಠ ಅಲ್ತಾರಿನ ಮೇಲಿದ್ದ ಯೇಸುವಿನ ಪವಿತ್ರ ಹೃದಯದ ಪಟವನ್ನು ಇಳಿಸಿ, ಬೆನ್ನು ಹೊರಗೆ ಮಾಡಿ ಸೋಫಾಕ್ಕೆ ಒರಗಿಸಿಟ್ಟರು. ಹಿಂದೆ ಅಂಟಿಸಿದ ಖಾಕಿ ಕಾಗದದ ಒಂದು ಮೂಲೆ ಎದ್ದುಕೊಂಡಿತ್ತು. ಅದನ್ನು ಒತ್ತಿ ಕೂರಿಸುವ ಅಂತ ಬಗ್ಗಿದೆ ನೋಡಿ, ಆ ವಾಸನೆ ಬಂತು. ಕಾಯಿಸಿದ ಮೈದಾ ಅಂಟು, ಅದಕ್ಕೆ ಹುಳ ಹಿಡಿಯದ ಹಾಗೆ ಸೇರಿಸುವ ಮೈಲುತುತ್ತು, ಒಂದಿಷ್ಟು ಮರದ ಹುಡಿ... ಪೇಂಟಿನವರು ಎಂತಾಯ್ತು ಮೇಡಂ ಅಂತ ಕೇಳಿದರು. ಎಂತ ಇಲ್ಲ, ಮೊಣಗಂಟು ನೋವು ಅಂತ ಹೇಳಿ ಅಲ್ಲೇ ನೆಲದಲ್ಲಿ ಕೂತೆ.

ಆ ಪಟಕ್ಕೆ ಕಟ್ಟು ಹಾಕಿದವರನ್ನು ನಾವೆಲ್ಲ ಕರೆಯುತ್ತಿದ್ದದ್ದು ಫ್ರೇಮ್ ಅಣ್ಣ ಅಂತ. ಕುಲಶೇಖರದ ನಮ್ಮ ಓಣಿಯಲ್ಲೇ ಅವರ ಮನೆ. ಕೊಡಿಯಾಲ್‌ಬೈಲಿನಲ್ಲಿ ಪಟಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿ. ಗಣಪತಿ, ಮರಿಯಮ್ಮ, ಮೆಕ್ಕಾ, ತೀರಿಹೋದ ಅಜ್ಜಂದಿರು, ಎಲ್ಲರೂ ಅಲ್ಲಿ ಒಂದೇ ಗೋಡೆಗೆ ಒರಗಿ ಕಟ್ಟಿಗಾಗಿ ಕಾಯುತ್ತಿದ್ದರು. ಅದೇ ರಸ್ತೆಯ ಸಿಸ್ಟರುಗಳ ಶಾಲೆಯಲ್ಲಿ ನಾನು ಕನ್ನಡ ಟೀಚರ್. ಅವರ ಒಬ್ಬಳೇ ಮಗಳು ಹೈಸ್ಕೂಲು ಮುಗಿಯುವ ತನಕ ನನ್ನ ಕ್ಲಾಸಿನಲ್ಲೇ ಇದ್ದವಳು. ನನ್ನ ಮೊಣಗಂಟು ಕೈಕೊಟ್ಟು ಬಸ್ಸಿನ ಮೆಟ್ಟಿಲು ಹತ್ತಲಿಕ್ಕೆ ಕಷ್ಟವಾದಾಗ, ಒಂದು ದಿನ ಅವರೇ ಗೇಟಿನ ಹತ್ತಿರ ವ್ಯಾನ್ ನಿಲ್ಲಿಸಿದರು. ನಾನೂ ಅದೇ ದಾರಿಯಲ್ಲಿ ಹೋಗುವುದಲ್ಲವಾ ಟೀಚರ್, ಮುಂದಿನ ಸೀಟು ಖಾಲಿ ಉಂಟು ಅಂದರು. ಆ ಸೀಟಿನಲ್ಲಿ ನಾನು ವರ್ಷಗಟ್ಟಲೆ ಕೂತೆ.

ಊರಿಡೀ ತುಳುವಿನಲ್ಲಿ ವ್ಯವಹಾರ ಮಾಡುವ ಮನುಷ್ಯ ನನ್ನ ಹತ್ತಿರ ಮಾತ್ರ ಕನ್ನಡ. ನಾನು ತುಳುವಿನಲ್ಲಿ ಕೇಳಿದರೂ ಉತ್ತರ ಕನ್ನಡದಲ್ಲಿ. ಕನ್ನಡ ಟೀಚರ್ ಹತ್ತಿರ ಮತ್ತೆಂತ ಮಾತಾಡುವುದು ಮಾರಾಯ್ರೆ ಅಂತ ನಗುತ್ತಿದ್ದರು. ದಿನಾ ನಾನು ಬರುವ ಮೊದಲು ಮುಂದಿನ ಸೀಟಿನ ಗಾಜಿನ ಪುಡಿ, ಮರದ ಪುಡಿಯನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿಡುತ್ತಿದ್ದರು. ನನ್ನ ಸೀರೆಗೆ ಒಂದು ಚೂರು ಗಾಜು ತಾಗಿದ್ದು ನೆನಪಿಲ್ಲ.

ವ್ಯಾನಿನ ಹಿಂದೆ ಯಾವಾಗಲೂ ಗಾಜಿನ ಹಾಳೆಗಳು, ನಡುನಡುವೆ ಹಳೇ ಪೇಪರು. ನಂತೂರು ಸರ್ಕಲಿಗೆ ಬಂದರೆ ಇಬ್ಬರಿಗೂ ಉಸಿರು ಕಟ್ಟುತ್ತಿತ್ತು. ಎದುರು ಲಾರಿ, ಬದಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸು, ಹಿಂದಿನಿಂದ ಟ್ಯಾಂಕರು ಹಾರ್ನ್ ಹೊಡೆದು ತಲೆ ತಿನ್ನುವುದು. ಗಾಜು ಉಂಟೆಂದು ನಾವು ನುಗ್ಗುವ ಹಾಗಿಲ್ಲ, ಹಿಂದೆ ಹೋಗುವ ಹಾಗೆ ಮೊದಲೇ ಇಲ್ಲ. ಪೊಲೀಸಿನವನ ಕೈ ಏಳುವ ತನಕ ಹಾಗೆಯೇ ಸಿಕ್ಕಿಹಾಕಿಕೊಂಡು ಕೂರುವುದು. ಹಿಂದಿನಿಂದ ಗಾಜು ಕಿಣಿಕಿಣಿ ಅನ್ನುತ್ತಿತ್ತು.

ರಾಜಕೀಯದಲ್ಲಿ ನಮ್ಮದು ಎಣ್ಣೆ ಸೀಗೆಕಾಯಿ. ಅದು ಇಬ್ಬರಿಗೂ ಗೊತ್ತಿತ್ತು. ದೇಶಕ್ಕೆ ಗಟ್ಟಿ ಕೈ ಬೇಕು, ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಕ್ಕಳು ಮನೆ ಸೇರಬೇಕು, ಹಿರಿಯರು ನಡೆಸಿಕೊಂಡು ಬಂದದ್ದನ್ನು ಸುಮ್ಮನೆ ಕೆದಕಬಾರದು... ಇದು ಅವರದ್ದು. ನನ್ನ ಬಾಯಿಯೋ, ಮೊದಲೇ ಸುಮ್ಮನಿರುವ ಬಾಯಲ್ಲ. ಪಾರ್ಕಿನಲ್ಲಿ ಕೂತ ಹುಡುಗ ಹುಡುಗಿಗೆ ಯಾರೋ ಹೊಡೆದರು ಅಂತ ಪೇಪರಿನಲ್ಲಿ ಬಂದ ದಿನ ನಾನು ಸಮಾ ಬೈದೆ. ಹೊಡೆದದ್ದು ತಪ್ಪೇ ಟೀಚರ್ ಅಂದರು. ಆಮೇಲೆ ‘ಆದರೆ’ ಅಂತ ಒಂದು ಶಬ್ದ ಬಂತು, ಮುಂದಿನದ್ದು ಬರಲಿಲ್ಲ. ಕೈ ಹೋಗಿ ರೇಡಿಯೋ ಹಾಕಿತು. ಯಾವಾಗಲೂ ಹಾಗೆಯೇ ಆಗುತ್ತಿತ್ತು. ಆ ‘ಆದರೆ’ಯ ಆಚೆ ಎಂತ ಉಂಟು ಅಂತ ಅವರು ಹೇಳಲಿಲ್ಲ, ನಾನೂ ಕೆದಕಲಿಲ್ಲ. ದಿನಾ ಒಂದೇ ವ್ಯಾನಿನಲ್ಲಿ ಹೋಗಬೇಕಲ್ಲ.

ಹಾಗಿರುವಾಗ ಒಂದು ಭಾನುವಾರ ನಮ್ಮ ನೆರೆಕರೆಯ ವಾಟ್ಸಾಪ್ ಗ್ರೂಪಿಗೆ ಅವರ ನಂಬರಿನಿಂದ ಒಂದು ಮೆಸೇಜ್ ಬಂತು. ನೀರು ಬರುವ ಹೊತ್ತು, ಕರೆಂಟ್ ಹೋದ ಸುದ್ದಿ, ಹುಟ್ಟುಹಬ್ಬದ ಶುಭಾಶಯ, ಇಷ್ಟೇ ಇರುವ ಗ್ರೂಪು. ಆ ಮೆಸೇಜಿನಲ್ಲಿ ಇದ್ದದ್ದು ಇಷ್ಟು: ಸೇವೆಯ ಹೆಸರಿನಲ್ಲಿ ಇವರು ಮಾಡುವುದು ಮತಾಂತರ, ಇವರ ಶಾಲೆಗೆ ನಿಮ್ಮ ಮಕ್ಕಳನ್ನು ಕಳಿಸಬೇಡಿ, ಇವರ ಅಂಗಡಿಯಿಂದ ಸಾಮಾನು ತರಬೇಡಿ. ಬೇರೆ ಯಾವುದೋ ಗ್ರೂಪಿಗೆ ಹಾಕುವುದು ಕೈತಪ್ಪಿ ಇಲ್ಲಿ ಬಿದ್ದದ್ದು ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅಳಿಸಿದರು. ಅಷ್ಟರಲ್ಲಿ ಓದಬೇಕಾದವರೆಲ್ಲ ಓದಿ ಆಗಿತ್ತು. ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಮೀನು ಸಾರಿಗೆ ಮಸಾಲೆ ಕಡೆಯುತ್ತಿದ್ದ ನಾನು ಹಾಗೆಯೇ ನಿಂತೆ. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ನನ್ನ ತಮ್ಮ, ನಾಳೆಯಿಂದ ಆ ವ್ಯಾನ್ ಹತ್ತಿದರೆ ನೋಡು ಅಂದ.

ಮರುದಿನ ಬೆಳಿಗ್ಗೆ ವ್ಯಾನ್ ಗೇಟಿನ ಹತ್ತಿರ ನಿಂತೇ ಇತ್ತು. ಸೀಟು ಒರೆಸಿತ್ತು. ನಾನು ಹತ್ತಿದೆ. ಕ್ಷಮಿಸಿ ಹತ್ತಿದ್ದಲ್ಲ, ಹಟದಿಂದ ಹತ್ತಿದ್ದು. ನಾನೇಕೆ ಇಳಿಯಬೇಕು? ಮುಖ ತಪ್ಪಿಸುವುದಿದ್ದರೆ ಅವರು ತಪ್ಪಿಸಲಿ. ಅವರೂ ಹಟ ಹಿಡಿದ ಹಾಗೆ ದಿನಾ ಬಂದರು. ನಮಸ್ತೆ ಟೀಚರ್, ಬಾಗಿಲು ಸರಿ ಹಾಕಿ, ಸಾಯಂಕಾಲ ಲೇಟಾಗ್ತದೆ... ಇಷ್ಟೇ ಮಾತು. ಎಷ್ಟೋ ವಾರ ಹಾಗೆ ಹೋಯಿತು. ನಂತೂರಿನಲ್ಲಿ ಗಾಡಿ ನಿಂತಾಗ ಅವರು ಎದುರಿನ ಲಾರಿಯ ಬೆನ್ನನ್ನು ಓದುತ್ತಿದ್ದರು, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಮೈಯೆಲ್ಲ ಬೆವರುತ್ತಿತ್ತು. ದೇವರಾಣೆ, ಅಷ್ಟು ಇಕ್ಕಟ್ಟಿನ ಜಾಗ ನಾನು ಬೇರೆ ಕಂಡಿಲ್ಲ.

ಆಮೇಲೆ ಒಂದು ದಿನ ಅವರ ಹೆಂಡತಿ, ನಮಗೆಲ್ಲ ಅಕ್ಕ, ಕರಿಬೇವಿನ ನೆಪದಲ್ಲಿ ನಮ್ಮ ಅಡುಗೆಮನೆಗೆ ಬಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮಗಳು ಮನೆಗೆ ಬರುವುದಿಲ್ಲ ಅಂದರು. ಅವಳು ಆಗ ಸುರತ್ಕಲ್ಲಿನ ಹಾಸ್ಟೆಲಿನಲ್ಲಿದ್ದು ಪಿಎಚ್‌ಡಿ ಮಾಡುತ್ತಿದ್ದಳು. ಒಂದು ಬಸ್ಸು ಹತ್ತಿದರೆ ಮನೆ, ಪ್ರತಿ ಶನಿವಾರ ಬರುತ್ತಿದ್ದವಳು. ಮೆಸೇಜ್ ನೋಡಿ ಅದೇ ದಿನ ಅಪ್ಪನ ಹತ್ತಿರ ಜಗಳ ಮಾಡಿದ್ದಳಂತೆ. ನನಗೆ ಅಕ್ಷರ ತಿದ್ದಿಸಿದವರಿಗೆ ಇದನ್ನು ಕಳಿಸಿದಿರಲ್ಲ, ಟೀಚರ್ ಎದುರು ಬಾಯಿ ಬಿಟ್ಟು ತಪ್ಪಾಯಿತು ಅಂತ ಹೇಳುವ ತನಕ ನಾನು ಈ ಹೊಸ್ತಿಲು ದಾಟುವುದಿಲ್ಲ ಅಂದಳಂತೆ. ಅಪ್ಪನದ್ದೇ ಜಾತಿಯ ಹಟ. ದಿನಾ ಬೆಳಿಗ್ಗೆ, ಇವತ್ತು ಹೇಳುತ್ತೇನೆ ಅಂತ ಹೇಳಿ ಹೊರಡುತ್ತಾರೆ ಟೀಚರ್, ಸಾಯಂಕಾಲ ತಲೆ ತಗ್ಗಿಸಿ ಬರುತ್ತಾರೆ ಅಂದರು ಅಕ್ಕ.

ಅಲ್ಲಿಂದ ನನಗೆ ಇನ್ನೊಂದು ಸಂಕಟ ಶುರುವಾಯಿತು. ಒಂದು ಮನೆಯ ಹೊಸ್ತಿಲು ನಮ್ಮಿಬ್ಬರ ನಡುವೆ, ವ್ಯಾನಿನ ಗೇರಿನ ಪಕ್ಕದಲ್ಲಿ ಬಂದು ಕೂತ ಹಾಗೆ. ಬಿಡಿ ಅಣ್ಣ, ಆದದ್ದು ಆಯಿತು ಅಂತ ಹೇಳಿಬಿಡಲಾ ಅಂತ ಎಷ್ಟೋ ಸಲ ಅನಿಸಿತು. ಆದರೆ ಆದದ್ದು ಆಗಿ ಹೋಗಿರಲಿಲ್ಲ. ನನ್ನೊಳಗೆ ಅದು ಚುಚ್ಚುತ್ತಲೇ ಇತ್ತು.

ಒಂದು ದಿನ ನಂತೂರಿನಲ್ಲಿ ಯಾವುದೋ ಲಾರಿ ಅಡ್ಡ ನಿಂತು ನಾಲ್ಕೂ ಕಡೆ ಬ್ಲಾಕ್. ಅವರು ಇಂಜಿನ್ ಆಫ್ ಮಾಡಿದರು. ರೇಡಿಯೋಕ್ಕೆ ಕೈ ಹೋಯಿತು, ಹಿಂದೆ ಬಂತು.

“ಟೀಚರ್, ಆ ಮೆಸೇಜ್ ನಿಮ್ಮ ಬಗ್ಗೆ ಅಲ್ಲ.”

“ಮತ್ತೆ ಯಾರ ಬಗ್ಗೆ ಅಣ್ಣ?”

ಅವರು ಹಾರ್ನಿನ ಮೇಲಿನ ಧೂಳು ಒರೆಸಿದರು. ನಿಮ್ಮ ಮಗಳು ಅಷ್ಟು ವರ್ಷ ನನ್ನ ಕ್ಲಾಸಿನಲ್ಲಿದ್ದಳು, ಅವಳನ್ನು ಮತಾಂತರ ಮಾಡಿದೆನಾ ಅಂತ ಕೇಳಿದೆ. ಛೆ ಛೆ, ನೀವು ಅಂಥವರಲ್ಲ ಅಂದರು. ಅಂಥವರು ಯಾರು, ಒಬ್ಬರನ್ನು ತೋರಿಸಿ ಅಂದೆ. ನೀವು ಅದನ್ನು ಓದಿ ಕಳಿಸಿದ್ದಾ ಅಂತಲೂ ಕೇಳಿದೆ. ಪೂರ್ತಿ ಓದಲಿಲ್ಲ ಅಂದರು. ಆಮೇಲೆ ಮಾತು ತುಳುವಿಗೆ ಹೊರಳಿತು. ನನ್ನ ಹತ್ತಿರ ಅವರು ತುಳು ಮಾತಾಡಿದ್ದು ಅದೊಂದೇ ಸಲ.

ಅವರ ಅಪ್ಪ ಹೊಳೆಬದಿಯ ಹೆಂಚಿನ ಕಾರ್ಖಾನೆಯಲ್ಲಿ ಆವೆಗೆ ಬೆಂಕಿ ಹಾಕುವವರಂತೆ. ಇವರು ಶಾಲೆಗೆ ಹೋಗುವಾಗ ಅಲ್ಲಿ ಮುಷ್ಕರ ಆಯಿತು. ದೊಡ್ಡ ದೊಡ್ಡ ಮಾತಿನವರು ಬಂದರು, ಎಲ್ಲ ಬದಲಾಗುತ್ತದೆ ಅಂದರು, ಅಪ್ಪನೂ ಗೇಟಿನಲ್ಲಿ ನಿಂತು ಘೋಷಣೆ ಕೂಗಿದರು. ಗೇಟು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಮಾತಾಡಿದವರು ಬೇರೆ ಗೇಟಿಗೆ ಹೋದರು. ಅಪ್ಪ ಜಗಲಿಯಲ್ಲಿ ಕೂತರು, ಅಮ್ಮ ಬೀಡಿ ಕಟ್ಟಿದರು. ಅಮ್ಮನಿಗೆ ಎದೆಯ ಕಾಯಿಲೆ ಬಂದಾಗ ಹೊತ್ತುಕೊಂಡು ಆಸ್ಪತ್ರೆಗೆ ಹೋದವರು ಭಜನಾ ಮಂದಿರದವರು. ಮನೆಗೆ ಅಕ್ಕಿ ತಂದವರು ಅವರು. ಇವರನ್ನು ಕಟ್ಟು ಹಾಕುವ ಕೆಲಸಕ್ಕೆ ಸೇರಿಸಿದವರೂ ಅವರೇ. ಬದಲು ಮಾಡುತ್ತೇವೆ ಅನ್ನುವವರನ್ನು ಕಂಡರೆ ತನಗೆ ಈಗಲೂ ಆ ಮುಚ್ಚಿದ ಗೇಟು ಕಾಣುತ್ತದೆ ಅಂದರು. ಆ ಮೆಸೇಜ್ ಬಂದದ್ದು ಭಜನಾ ಮಂದಿರದ ಗ್ರೂಪಿನಿಂದ, ಈ ಅಕ್ಕಿ ತಂದವರ ಮಕ್ಕಳಿಂದ.

“ತಪ್ಪು ಅಂತ ನಿಮ್ಮ ಹತ್ತಿರ ಹೇಳಿದರೆ, ಅವರು ಸುಳ್ಳು ಅಂತ ಹೇಳಿದ ಹಾಗೆ ಆಗ್ತದೆ ಟೀಚರ್. ನನಗೆ ಅವರನ್ನು ಬಿಡ್ಲಿಕ್ಕೆ ಆಗುದಿಲ್ಲ. ನಿಮ್ಮನ್ನೂ ಬಿಡ್ಲಿಕ್ಕೆ ಆಗುದಿಲ್ಲ.”

ಅಕ್ಕಿ ತಂದವರ ಋಣಕ್ಕೆ ನನ್ನ ಮರ್ಯಾದೆ ಯಾಕೆ ಹೋಗಬೇಕು ಅಂತ ಕೇಳಬಹುದಿತ್ತು. ಕೇಳಬೇಕಿತ್ತೋ ಏನೋ. ಆದರೆ ನಮ್ಮ ಮನೆಯ ಊಟದ ಮೇಜಿನಲ್ಲೂ ಭಾನುವಾರ ‘ಅವರು’ ಅನ್ನುವ ಶಬ್ದ ಬರುತ್ತದೆ, ರಜೆಗೆ ಬಂದ ತಮ್ಮ ಬೇರೆ ಮತದವರ ಬಗ್ಗೆ ಬಾಯಿಗೆ ಬಂದದ್ದು ಹೇಳುತ್ತಾನೆ, ನಾನು ಪಲ್ಯ ಬಡಿಸುತ್ತೇನೆ. ಶಾಲೆಯಲ್ಲಿ ಅಷ್ಟು ಬಾಯಿ ಇರುವ ನಾನು ಅಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ. ಅಷ್ಟರಲ್ಲಿ ಪೊಲೀಸಿನವನ ಕೈ ಎದ್ದಿತು. ಹಿಂದಿನ ಬಸ್ಸು ಹಾರ್ನ್ ಹೊಡೆಯಿತು, ಅವರು ಗೇರ್ ಹಾಕಿದರು. ಮಲ್ಲಿಕಟ್ಟೆ ಬರುವಾಗ ಮತ್ತೆ ಕನ್ನಡದಲ್ಲಿ, ಬಾಗಿಲು ಸರಿ ಹಾಕಿದ್ದೀರಾ ಅಂತ ಕೇಳಿದರು.

ಆ ವಾರವೇ ಒಂದು ಸಾಯಂಕಾಲ ಮನೆಗೆ ಬಂದರು. ನಮ್ಮ ಅಲ್ತಾರಿನ ಪಟದ ಗಾಜಿನಲ್ಲಿ ಬಿರುಕು ಇದ್ದದ್ದು ಅವರಿಗೆ ಗೊತ್ತಿತ್ತು. ತೆಗೆದುಕೊಂಡು ಹೋಗಿ, ಹೊಸ ಗಾಜು, ಹೊಸ ಸಾಗುವಾನಿ ಕಟ್ಟು ಹಾಕಿ ತಂದರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಬಂದು ತಾವೇ ಗೋಡೆಗೆ ಹಾಕಿದರು. ಯಾವ ದೇವರ ಪಟವಾದರೂ ಅವರು ಹಾಕುವುದು ಅದರ ತಲೆ ಸ್ವಲ್ಪ ಮುಂದೆ ಬಾಗಿಸಿ. ನೆಟ್ಟಗೆ ಹಾಕಿದರೆ ದೇವರು ಎದುರಿನ ಗೋಡೆ ನೋಡ್ತಾರೆ, ಬಾಗಿಸಿದರೆ ನಮ್ಮನ್ನು ನೋಡ್ತಾರೆ ಅನ್ನುತ್ತಿದ್ದರು. ಕೈಮುಗಿದು ನಿಂತರು. ಈಗ ಹೇಳುತ್ತಾರೆ ಅಂತ ನಾನು ಕಾದೆ. ಕಟ್ಟು ಗಟ್ಟಿ ಉಂಟು ಟೀಚರ್, ತುಂಬಾ ವರ್ಷ ಬರ್ತದೆ ಅಂತ ಹೇಳಿ ಹೋದರು.

ಮಗಳು ಫೋನ್ ಮಾಡಿದಳು. ಅಮ್ಮ ಪಟದ ಸುದ್ದಿ ಹೇಳಿರಬೇಕು. ಅಪ್ಪ ಬಾಯಿ ಬಿಟ್ಟು ಹೇಳಿದರಾ ಟೀಚರ್ ಅಂತ ಒಂದೇ ಪ್ರಶ್ನೆ. ಸುಳ್ಳು ಹೇಳಬೇಡ ಅಂತ ಅವಳಿಗೆ ಕಲಿಸಿದವಳೇ ನಾನು. ಇಲ್ಲ ಮಗಾ, ಆದರೆ ನೀನೊಮ್ಮೆ ಬಂದು ಅವರ ಹತ್ತಿರ ಕೂತು ಕೇಳು ಅಂದೆ. ಕೇಳಲಿಕ್ಕೆ ಎಂತ ಉಂಟು ಅಂದಳು.

ಅವಳು ಬಂದದ್ದು ಆಮೇಲೆ, ಆಸ್ಪತ್ರೆಗೆ. ಗಾಜು ಕೊಯ್ಯುತ್ತಿರುವಾಗ ಅಂಗಡಿಯಲ್ಲೇ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅವಳು ಹಾಸ್ಟೆಲು ಬಿಟ್ಟು ಮನೆಯಿಂದಲೇ ಓಡಾಡಿದಳು. ಅನ್ನ ಕಲಸಿ ತಿನ್ನಿಸಿದಳು, ಗಡ್ಡ ತೆಗೆದಳು. ಹೊಸ್ತಿಲು ದಾಟಿ ಆಗಿತ್ತು. ಹೇಳಬೇಕಾದವರಿಗೆ ಬಾಯಿ ಇರಲಿಲ್ಲ.

ನಾನು ನೋಡಲಿಕ್ಕೆ ಹೋದಾಗ ಅವರು ಎಡಗೈ ಎತ್ತಿ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸಿ, ನನ್ನ ಕಡೆ ಬೆರಳು ತೋರಿಸಿ, ಹುಬ್ಬು ಏರಿಸಿದರು. ಶಾಲೆಗೆ ಹೇಗೆ ಹೋಗ್ತೀರಿ ಅಂತ. ಬಸ್ಸಿನಲ್ಲಿ ಅಣ್ಣ, ಸೀಟು ಸಿಗ್ತದೆ ಅಂದೆ. ಅವರ ಕಣ್ಣಿನಿಂದ ನೀರು ಇಳಿಯಿತು. ನನ್ನ ಕಣ್ಣಿನಿಂದಲೂ.

ಗೇಟಿನ ತನಕ ಬಂದ ಮಗಳಿಗೆ ನಂತೂರಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಮುಚ್ಚಿದ ಗೇಟು, ಬೀಡಿ, ಅಕ್ಕಿ. ಒಂದೂ ಅವಳಿಗೆ ಗೊತ್ತಿರಲಿಲ್ಲ. ಅಜ್ಜನ ಕಾರ್ಖಾನೆಯ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲವಂತೆ. ಗೇಟಿನ ಚಿಲಕ ಹಾಕಿದಳು, ಮತ್ತೆ ತೆಗೆದಳು.

“ಅದಕ್ಕೆ ಆ ಮೆಸೇಜ್ ಸರಿ ಆಗುದಿಲ್ಲ ಟೀಚರ್. ಆದರೆ ಈಗ ಜಗಳ ಮಾಡ್ಲಿಕ್ಕೂ ಆಗುದಿಲ್ಲ.”

ಮರುವರ್ಷ ಅವರು ತೀರಿಹೋದರು. ಅಂಗಡಿ ಇದ್ದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ...

ಪೇಂಟ್ ಒಣಗಿದ ಮೇಲೆ ಪೇಂಟಿನವರು ಪಟವನ್ನು ನೆಟ್ಟಗೆ, ಗೋಡೆಗೆ ಅಂಟಿದ ಹಾಗೆ ಹಾಕಿದರು. ಹಾಗಲ್ಲ, ತಲೆ ಬಾಗಿಸಿ ಹಾಕಿ ಅಂತ ಎರಡೆರಡು ಸಲ ಇಳಿಸಿ ಹಾಕಿಸಿದೆ. ಈಗಿನ ಮೊಳೆಗೆ ಹಾಗೆ ಬರುವುದಿಲ್ಲ ಮೇಡಂ ಅಂದರು. ಕೊನೆಗೆ ನಾನೇ ಸ್ಟೂಲು ಹತ್ತಿ, ನೋಯುವ ಮೊಣಗಂಟನ್ನು ಬೈದುಕೊಂಡು, ಹಗ್ಗ ಸಡಿಲ ಮಾಡಿ ಬಾಗಿಸಿದೆ. ಫ್ರೇಮ್ ಅಣ್ಣ ಹೇಳಿದ್ದು ನಿಜ, ಕಟ್ಟು ಒಂದು ಚೂರೂ ಅಲುಗಿಲ್ಲ. ಸಂಜೆ ಜಪಸರ ಹಿಡಿದು ಕೂತಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ. ಯಾರ ಬಗ್ಗೆ ಅಣ್ಣ ಅಂತ ಕೇಳಿದ್ದೆನಲ್ಲ, ಅದಕ್ಕೆ ಇನ್ನೂ ಉತ್ತರ ಬೇಕು ನನಗೆ. ಸಿಟ್ಟು ಹಾಗೆಯೇ ಉಂಟು. ಸಿಟ್ಟು ಮಾಡಲಿಕ್ಕೆ ಆ ಮನುಷ್ಯ ಇಲ್ಲ.