ಭಾವನವರು ಕೇಳಿದ ಕೊನೆಯ ಅಧ್ಯಾಯ

ಭವ್ಯಳಿಗೆ ಕಾದಂಬರಿಯ ರುಚಿ ಹತ್ತಿದ್ದು ಶಿವಾಜಿನಗರದ ಕರೀಂ ಸಾಬರ ಬೈಂಡಿಂಗ್ ಅಂಗಡಿಯಲ್ಲಿ. ಅವಳ ತಾಯಿ ಶಾಂತಕುಮಾರಿ ಅಲ್ಲಿ ಹಾಳೆ ಮಡಚಿ ಹೊಲಿಯುವ ಕೆಲಸಕ್ಕಿದ್ದರು. ಹಲಸೂರಿನ ಶಾಲೆ ಬಿಟ್ಟ ಮೇಲೆ ಮಗಳು ಮನೆಗೆ ಹೋಗದೆ ನೇರ ಅಂಗಡಿಗೇ ಬರುತ್ತಿದ್ದಳು. ಗ್ರಂಥಾಲಯಗಳಿಂದ ರಿಪೇರಿಗೆ ಬಂದ ಹಳೆಯ ಕಾದಂಬರಿಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಕೆಲವಕ್ಕೆ ಮೊದಲ ಪುಟಗಳಿಲ್ಲ, ಕೆಲವಕ್ಕೆ ಕೊನೆಯವಿಲ್ಲ. ದಂಡನಾಯಕರು, ದಾಯಾದಿಗಳು, ಪಟ್ಟಕ್ಕಾಗಿ ಹೊಂಚು ಹಾಕುವ ಕಿರಿಯ ರಾಣಿಯರು, ಪಕ್ಕದಲ್ಲೇ ಕಚೇರಿಯ ರಾಜಕೀಯದಲ್ಲಿ ಗೆಳೆಯನನ್ನು ಕೈಬಿಡುವ ಇಂದಿನ ಗುಮಾಸ್ತರು, ಎಲ್ಲರೂ ಅವಳಿಗೆ ಒಂದೇ ರಾಶಿಯಲ್ಲಿ ಸಿಕ್ಕಿದರು. ಕರೀಂ ಸಾಬರು ಅಂಟಿನ ಡಬ್ಬಿಯಿಂದ ತಲೆಯೆತ್ತಿ, "ಓದು ಬೇಟಿ, ಓದು. ಎಂಜಲು ಹಚ್ಚಿ ಪೇಜ್ ತಿರುಗಿಸ್ಬೇಡ ಅಷ್ಟೇ" ಎನ್ನುತ್ತಿದ್ದರು.

ಡಿಗ್ರಿ ಮುಗಿಯುವ ಹೊತ್ತಿಗೆ ಗರುಡಾಚಾರ್‌ಪಾಳ್ಯದಿಂದ ಸಂಬಂಧ ಬಂತು. ಹುಡುಗ ಮುನೀಂದ್ರ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಕುಟುಂಬ. ಈಗ ಹೊಲದ ಮೇಲೆ ಬಾಡಿಗೆ ರೂಮುಗಳೆದ್ದಿದ್ದವು. ಮನೆಯಲ್ಲಿ ಅತ್ತೆ ಪಟಾಲಮ್ಮ, ಭಾವ ರಾಮಾಂಜಿನಪ್ಪ, ಅವರ ಹೆಂಡತಿ ಮಕ್ಕಳು, ಒಂದೇ ಅಡುಗೆಮನೆ. ರಾಮಾಂಜಿನಪ್ಪನವರಿಗೆ ವಾರ್ಡಿನ ಕಾರ್ಪೊರೇಟರ್ ಆಗಬೇಕೆಂಬುದು ಬಹುಕಾಲದ ಆಸೆ. ಚುನಾವಣೆ ಮುಂದೆ ಹೋದಷ್ಟೂ ಅವರ ಆಸೆ ಬಲಿಯುತ್ತಿತ್ತು. ಮುನೀಂದ್ರ ಅಣ್ಣನ ಕಾರು ಓಡಿಸುತ್ತಿದ್ದ, ಅಣ್ಣ ವೇದಿಕೆ ಹತ್ತಿದಾಗ ಅಣ್ಣನ ಫೋನು ಹಿಡಿದು ಕೆಳಗೆ ನಿಲ್ಲುತ್ತಿದ್ದ, ಫ್ಲೆಕ್ಸ್ ಕಟ್ಟುವವರ ಜೊತೆ ಜಗಳವಾಡುತ್ತಿದ್ದ. ನಿಮ್ಮದೇನು ಕೆಲಸ ಎಂದು ಯಾರಾದರೂ ಕೇಳಿದರೆ "ಅಣ್ಣನ ಜೊತೆ ಇದ್ದೀನಿ" ಎನ್ನುತ್ತಿದ್ದ. ಅದರಲ್ಲಿ ಅವನಿಗೆ ಮುಜುಗರವಿರಲಿಲ್ಲ.

ಭವ್ಯ ಬರೆಯಲು ಶುರು ಮಾಡಿದ್ದು ಮದುವೆಯಾಗಿ ಕೆಲವು ವರ್ಷಗಳ ನಂತರ, ಮೊಬೈಲಿನಲ್ಲಿ. ಕಂತು ಕಂತಾಗಿ ಕಾದಂಬರಿ ಹಾಕಬಹುದಾದ ಆ್ಯಪ್ ಒಂದಿತ್ತು. ಮಧ್ಯಾಹ್ನದ ಊಟವಾದ ಮೇಲೆ ಮಹಡಿಗೆ ಹೋಗಿ, ಒಣಗಿದ ಬಟ್ಟೆಗಳ ನಡುವೆ ನಿಂತು, ಬಾಯಲ್ಲಿ ಹೇಳುತ್ತಾ ಹೋಗುವಳು. ಫೋನು ಅದನ್ನು ಅಕ್ಷರ ಮಾಡಿಕೊಳ್ಳುತ್ತಿತ್ತು. ತಪ್ಪುಗಳನ್ನು ಆಮೇಲೆ ಕೂತು ತಿದ್ದುವಳು. ಒಂದು ದಿನ ಮಹಡಿ ರೂಮಿನ ಬಾಡಿಗೆಯವಳು, ಯಾದಗಿರಿ ಕಡೆಯ ಮಾನಮ್ಮ, ಬಾಗಿಲಲ್ಲಿ ಗಾಬರಿಯಿಂದ ನಿಂತಿದ್ದಳು.

"ಅಕ್ಕಾರ, ಯಾರ್ ಕೂಡ ಜಗಳಾ ಮಾಡ್ಲಿಕತ್ತೀರಿ? ತಲಿ ಕಡೀತೀನಿ ಅಂದ್ರಿ!"

"ಜಗಳ ಅಲ್ಲ ಮಾನಮ್ಮ, ಕಥೆ. ಪಾಳೇಗಾರ ಹೇಳ್ತಾ ಇದ್ದಾನೆ."

ಅಂದಿನಿಂದ ಮಾನಮ್ಮ ಗಾರ್ಮೆಂಟ್ಸ್ ರಜೆಯಿದ್ದಾಗಲೆಲ್ಲ ಹೊಸ್ತಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತು ಕೇಳುವಳು. ಅವಳ ಗಂಡ ದತ್ತು ಶಾಮಿಯಾನ, ವೇದಿಕೆ ಕಟ್ಟುವ ಕೆಲಸದವನು. ಅವನಿಗೂ ಕಥೆ ಹೆಂಡತಿಯ ಬಾಯಿಂದ ತಲುಪುತ್ತಿತ್ತು.

ಕಾದಂಬರಿಯ ಹೆಸರು 'ಹೊರಬಾಗಿಲ ಕಾವಲು'. ಸೋಮರಸನೆಂಬ ಪಾಳೇಗಾರ, ಅವನ ತಮ್ಮ ಬೈಯಣ್ಣ. ಅಣ್ಣನಿಗೆ ಸೀಮೆ ಬೆಳೆಸುವ ಹುಚ್ಚು. ತಮ್ಮ ಚಿಕ್ಕಂದಿನಿಂದ ಅಣ್ಣನ ಕತ್ತಿ ಹೊತ್ತವನು, ಈಗ ಕೋಟೆಯ ಹೊರಬಾಗಿಲು ಕಾಯುವವನು. ದೊಡ್ಡ ಸೇನೆಯೊಂದು ಕೋಟೆಗೆ ಮುತ್ತಿಗೆ ಹಾಕುತ್ತದೆ. ಸಹಾಯ ತರುತ್ತೇನೆಂದು ಸೋಮರಸ ಕಳ್ಳದಾರಿಯಲ್ಲಿ ಹೊರಟು ಹೋಗುತ್ತಾನೆ. ನಾನು ಬರುವ ತನಕ ಬಾಗಿಲು ಬಿಟ್ಟು ಕದಲಬೇಡ ಎಂದು ತಮ್ಮನಿಂದ ಭಾಷೆ ತೆಗೆದುಕೊಳ್ಳುತ್ತಾನೆ. ಇಲ್ಲಿಗೆ ಬರುವಷ್ಟರಲ್ಲಿ ಕಾದಂಬರಿಗೆ ಸಾವಿರಾರು ಓದುಗರಾಗಿದ್ದರು. ಬೈಯಣ್ಣ ಬಾಗಿಲು ತೆರೆದು ಜನರನ್ನು ಉಳಿಸಲಿ ಎಂದು ಕೆಲವರು, ಪ್ರಾಣ ಹೋದರೂ ನಿಲ್ಲಲಿ ಎಂದು ಕೆಲವರು ಕೆಳಗೆ ಬರೆದು ಕಚ್ಚಾಡುತ್ತಿದ್ದರು. ಭವ್ಯಳಿಗೆ ಇನ್ನೂ ಏನೂ ಹೊಳೆದಿರಲಿಲ್ಲ.

ಸುದ್ದಿ ರಾಮಾಂಜಿನಪ್ಪನವರಿಗೆ ಮುಟ್ಟಿದ್ದು ಪಕ್ಷದ ಹುಡುಗರಿಂದ. ಭಾವನವರಿಗೆ ಸಿಟ್ಟು ಬರಬಹುದೆಂದು ಅವಳು ಹೆದರಿದ್ದಳು. ಆದರೆ ಅವರು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು, ಮುಖ ಅರಳಿಸಿಕೊಂಡು ಅಡುಗೆಮನೆಯ ಬಾಗಿಲಿಗೇ ಬಂದರು.

"ಭವ್ಯಮ್ಮ, ಸೋಮರಸ ಅಂದ್ರೆ ನಾನೇ ತಾನೆ? ಸುಳ್ಳು ಹೇಳ್ಬೇಡ."

"ಇಲ್ಲ ಭಾವ, ಅದು ಸುಮ್ನೆ ಹಳೇ ಕಾಲದ ಕಥೆ."

"ಇರ್ಲಿ ಬಿಡಮ್ಮ, ಓದಿದ ಹುಡುಗ್ರೆಲ್ಲ ಅದೇ ಹೇಳ್ತಾವ್ರೆ. ನಾನು ಅದನ್ನ ಬುಕ್ ಮಾಡಿಸ್ತೀನಿ. ರಾಜ್ಯೋತ್ಸವದ ದಿನ ಬಂದೋರಿಗೆಲ್ಲ ಒಂದೊಂದು. ಮುಂದೆ ನಿನ್ನ ಹೆಸ್ರು, ಹಿಂದೆ ನನ್ನ ಫೋಟೋ." ಲೋಟ ಕೆಳಗಿಟ್ಟು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು: "ಕೊನೆ ಮಾತ್ರ ಚೆನ್ನಾಗಿರ್ಬೇಕು. ತಮ್ಮ ಬಾಗ್ಲಲ್ಲೇ ಪ್ರಾಣ ಬಿಡ್ತಾನೆ. ಅಣ್ಣ ಸೈನ್ಯ ತಗೊಂಡು ಬಂದು ಗೆಲ್ತಾನೆ, ತಮ್ಮನ ಹೆಸ್ರಲ್ಲಿ ಒಂದು ಗುಡಿ ಕಟ್ಟಿಸ್ತಾನೆ. ಜನ ಅಳ್ಬೇಕು."

ಭವ್ಯ ಯೋಚನೆ ಮಾಡುತ್ತೇನೆಂದಳು. ನಿಜಕ್ಕೂ ಅವಳು ಯೋಚಿಸಿದ್ದು ಕೊನೆಯ ಬಗ್ಗೆ ಅಲ್ಲ, ಪುಸ್ತಕದ ಬೆನ್ನಿನ ಬಗ್ಗೆ. ಅಲ್ಲಿ ತನ್ನ ಹೆಸರು ಉದ್ದಕ್ಕೆ ಅಚ್ಚಾಗಿರುವುದನ್ನು ಅವಳು ಮನಸ್ಸಿನಲ್ಲೇ ನೋಡಿದಳು. ಮಾರನೆಯ ದಿನದಿಂದ ಭಾವನವರು ಹೇಳಿದಂತೆಯೇ ಬರೆಯತೊಡಗಿದಳು. ಗುಡಿಯ ವರ್ಣನೆ ಸರಾಗವಾಗಿ ಬಂತು.

ಗಣೇಶನ ಹಬ್ಬ ಬಂದದ್ದು ಆ ದಿನಗಳಲ್ಲಿ. ಬೀದಿಯ ಪೆಂಡಾಲು ರಾಮಾಂಜಿನಪ್ಪನವರದೇ. ವೇದಿಕೆ ಕಟ್ಟಲು ಬಂದವರಲ್ಲಿ ದತ್ತುವೂ ಇದ್ದ. ಶಾಸಕರು ಬರುವ ಹೊತ್ತಿಗೆ ನೋಡಿದರೆ, ರಾಮಾಂಜಿನಪ್ಪನವರ ಚಿತ್ರವಿದ್ದ ಬ್ಯಾನರನ್ನು ಕಂಬದ ಹಿಂದೆ ಕಟ್ಟಲಾಗಿತ್ತು. ಅರ್ಧ ಮುಖ ಮರೆಯಾಗಿತ್ತು. ಅವರು ವೇದಿಕೆ ಹತ್ತಿ ದತ್ತುವನ್ನು ಬೈದರು. ಅವನು ಏನೋ ಉತ್ತರ ಕೊಟ್ಟ. ಅವರು ಎದೆಗೆ ಕೈ ಹಾಕಿ ತಳ್ಳಿದರು. ಅವನು ವೇದಿಕೆಯ ಅಂಚಿನಿಂದ ಹಿಂದಕ್ಕೆ ಬಿದ್ದು ತೋಳು ಮುರಿದುಕೊಂಡ. ಕಂಡವರು ಬಹಳ ಜನ. ಕಂಡೆ ಎಂದವರು ಯಾರೂ ಇಲ್ಲ.

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು. ಯಾರೋ ತಳ್ಳಿದರು ಎಂದಷ್ಟೇ ದತ್ತು ಹೇಳಿದ್ದ. ಮನೆ ಮಾಲೀಕರ ಹೆಸರು ಹೇಳುವ ಧೈರ್ಯ ಅವನಿಗಿರಲಿಲ್ಲ. ಠಾಣೆಯಿಂದ ಕರೆ ಬಂದಾಗ ರಾಮಾಂಜಿನಪ್ಪ ತಮ್ಮನನ್ನು ನಡುಮನೆಗೆ ಕರೆದರು. ಪಟಾಲಮ್ಮ ದೀಪ ಹಚ್ಚುತ್ತಿದ್ದರು. ಭವ್ಯ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು.

"ಮುನೀಂದ್ರ, ಟಿಕೆಟ್ ಕೊಡೋ ಟೈಮು. ನನ್ ಮೇಲೆ ಕೇಸ್ ಬಂದ್ರೆ ಮುಗೀತು. ನೂಕಾಟದಲ್ಲಿ ಕೈ ತಗುಲ್ತು ಅಂತ ನೀನು ಹೇಳ್ಬಿಡು. ಉಳಿದಿದ್ದು ನಾನು ನೋಡ್ಕೋತೀನಿ."

"ಸರಿ ಅಣ್ಣ" ಎಂದ ಮುನೀಂದ್ರ. ಕಾರು ತೆಗಿ ಎಂದಾಗಲೂ ಅವನು ಹೇಳುತ್ತಿದ್ದದ್ದು ಹೀಗೆಯೇ.

ಭವ್ಯ ಅಕ್ಕಿ ನೀರು ಬಗ್ಗಿಸುತ್ತಿದ್ದಳು. ಮೇಲಿನ ರೂಮಿನಲ್ಲಿ ಮಾನಮ್ಮ ಗಂಡನಿಗೆ ಎಡಗೈಯಿಂದ ಉಣ್ಣಲು ಕಲಿಸುತ್ತಿರಬಹುದು ಎನ್ನಿಸಿತು. ಬೈಯಣ್ಣನ ಗುಡಿಗೆ ತಾನು ಹಿಂದಿನ ದಿನವಷ್ಟೇ ಕಲ್ಲಿನ ಗರುಡಗಂಬ ನಿಲ್ಲಿಸಿದ್ದೂ ನೆನಪಾಯಿತು. ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು. ಆದರೂ ಅಕ್ಕಿಯನ್ನು ಒಲೆಯ ಮೇಲಿಟ್ಟಳು. ಆ ಮನೆಯಲ್ಲಿ ಸೊಸೆಯರು ನಡುಮನೆಯ ಮಾತಿಗೆ ಬಾಯಿ ಹಾಕುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮುನೀಂದ್ರ ಅಂಗಳದಲ್ಲಿ ಕಾರು ಒರೆಸುತ್ತಿದ್ದ. ಅಣ್ಣ ಇನ್ನೂ ಸ್ನಾನಕ್ಕೆ ಹೋಗಿರಲಿಲ್ಲ. ಭವ್ಯ ಫೋನು ತಂದು ಅವನ ಕೈಗಿಟ್ಟಳು.

"ಒಂದ್ಸಲ ಓದ್ರಿ."

"ಈಗ್ಲಾ? ನಂಗೆಲ್ಲಿ ಓದೋ ಅಭ್ಯಾಸ ಇದೆ?"

"ಕಡೇ ನಾಕು ಕಂತು ಅಷ್ಟೇ. ಗುಡಿ ವಿಷ್ಯ ಬರೋದಕ್ಕಿಂತ ಮುಂಚಿನದು."

ಅವನು ಡ್ರೈವರ್ ಸೀಟಿನಲ್ಲಿ ಕೂತು, ಒಂದು ಕಾಲು ಹೊರಗಿಟ್ಟು ಓದಿದ. ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದುವ ಗಂಡನನ್ನು ಅವಳು ಮೊದಲ ಸಲ ನೋಡಿದ್ದು. ಅವಳು ಬಟ್ಟೆ ನೆನೆಸಿ ಬಂದರೂ ಅವನು ಅಲ್ಲೇ ಇದ್ದ.

"ಅಣ್ಣ ವಾಪಸ್ ಬರಲ್ಲ ಅಂತ ಬೈಯಣ್ಣಂಗೆ ಗೊತ್ತಾ?"

"ಗೊತ್ತು."

"ಗೊತ್ತಿದ್ದೂ ನಿಂತ್ಕೋತಾನಾ?"

"ಅದನ್ನೇ ನಾನಿನ್ನೂ ಬರ್ದಿಲ್ಲ."

ಅವನು ಫೋನು ವಾಪಸು ಕೊಟ್ಟ. "ಚೆನ್ನಾಗಿ ಬರ್ದಿದ್ದೀಯಾ" ಎಂದ. ಮೆಚ್ಚುಗೆಯೋ ದೂರೋ ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅಣ್ಣ ಬಿಳಿ ಅಂಗಿ ತೊಟ್ಟು ಹೊರಬಂದರು. ಕಾರು ಹೊರಟಿತು.

ಮಧ್ಯಾಹ್ನ ಮುನೀಂದ್ರ ನಡೆದುಕೊಂಡೇ ಮನೆಗೆ ಬಂದ. ಬೆವರಿದ್ದ. ನಡೆದದ್ದನ್ನು ಅವನು ತುಂಡು ತುಂಡಾಗಿ ಹೇಳಿದ. ಠಾಣೆಯಲ್ಲಿ ಅಣ್ಣನೇ ಮೊದಲು ಮಾತಾಡಿ, ನಮ್ಮ ಹುಡುಗ ಆವೇಶದಲ್ಲಿ ತಳ್ಳಿಬಿಟ್ಟ, ಸಾರ್ ಸ್ವಲ್ಪ ನೋಡಬೇಕು ಎಂದರಂತೆ. ಎಸ್‌ಐ ಇವನ ಕಡೆ ತಿರುಗಿದರು.

"ನಾನು ಅಂದೆ, ಸಾರ್, ನಾನು ಕಾರ್ ಹತ್ರ ಇದ್ದೆ. ನಾನು ತಳ್ಲಿಲ್ಲ. ಹಾಗಾದ್ರೆ ಯಾರು ಅಂದ್ರು. ಬಿದ್ದೋನ್ನೇ ಕೇಳಿ ಸಾರ್ ಅಂದೆ."

"ಭಾವ ಏನಂದ್ರು?"

"ಆಚೆ ಬಂದ್ಮೇಲೆ ಕೀ ಇಸ್ಕೊಂಡ್ರು, ಅಷ್ಟೇ."

ನೀರು ಕುಡಿದು, ಗೋಡೆಗೆ ಒರಗಿ ಕೂತು, ಅವನು ತನ್ನ ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡ. ಹಿಡಿಯಲು ಕಾರಿನ ಕೀಯೂ ಇಲ್ಲ, ಅಣ್ಣನ ಫೋನೂ ಇಲ್ಲ. ಭವ್ಯಳಿಗೆ ಗೆದ್ದ ಭಾವನೆಯೇನೂ ಬರಲಿಲ್ಲ. ನಾನು ಬರೆದದ್ದು ಓದಿ ಹೀಗೆ ಮಾಡಿದಿರಾ ಎಂದು ಕೇಳಬೇಕೆನಿಸಿತು. ಹೌದು ಎಂದರೂ ಕಷ್ಟ, ಅಲ್ಲ ಎಂದರೂ ಕಷ್ಟ. ಊಟಕ್ಕೆ ಬಡಿಸಿದಳು.

ಪೊಲೀಸರು ಮತ್ತೆ ಕೇಳಿದಾಗ ದತ್ತು ರಾಮಾಂಜಿನಪ್ಪನವರ ಹೆಸರು ಹೇಳಿದ. ಆದರೆ ಮುಂದೆ ನ್ಯಾಯಾಲಯದವರೆಗೆ ಏನೂ ಹೋಗಲಿಲ್ಲ. ಹಿರಿಯರು ಕೂತು ಮಾತಾಡಿ, ಚಿಕಿತ್ಸೆಯ ಖರ್ಚು ರಾಮಾಂಜಿನಪ್ಪನವರ ಮೇಲೆ ಹಾಕಿ, ರಾಜಿ ಮಾಡಿಸಿದರು. ತೋಳು ಕೂಡಿತಾದರೂ ಭಾರ ಎತ್ತುವ ಹಾಗಿರಲಿಲ್ಲ. ದಂಪತಿ ರೂಮು ಖಾಲಿ ಮಾಡಿ ಮಾರತ್ತಹಳ್ಳಿ ಕಡೆ ಹೋದರು. ಹೊರಡುವಾಗ ಮಾನಮ್ಮ ಭವ್ಯಳ ಮುಂದೆ ನಿಂತು, "ನಿಮ್ಮ ಮನೆಯವರು ಖರೇ ಹೇಳ್ಯಾರ್ರಿ ಅಕ್ಕಾರ. ಅದಕ್ಕ ನಮ್ಮನಿಯವ್ರೂ ಬಾಯಿ ಬಿಟ್ರು" ಎಂದಳು. ಆಮೇಲೆ, "ಕತಿ ಮುಗದ ಮ್ಯಾಲ ಫೋನ್ ಮಾಡ್ರಿ" ಎಂದು ಚೀಲ ಎತ್ತಿಕೊಂಡಳು.

ಚುನಾವಣೆ ಮತ್ತೆ ಮುಂದೆ ಹೋಯಿತು. ಟಿಕೆಟ್ಟಿನ ಪಟ್ಟಿಯೇ ಬರಲಿಲ್ಲ. ಆದರೂ ತಮ್ಮನಿಂದಲೇ ಟಿಕೆಟ್ ತಪ್ಪಿತೆಂದು ರಾಮಾಂಜಿನಪ್ಪ ಕಂಡಕಂಡವರಿಗೆ ಹೇಳಿದರು, ಬರಬರುತ್ತಾ ತಾವೂ ನಂಬಿದರು. ಕೆಳಗಿನ ಅಂತಸ್ತು ಅವರದು, ಮೇಲಿನದು ಇವರದು ಎಂದಾಯಿತು. ಅಡುಗೆಮನೆ ಬೇರೆಯಾಯಿತು. ಪಟಾಲಮ್ಮ ಯಾರ ಪರವೂ ವಹಿಸಲಿಲ್ಲ. ಬೆಳಿಗ್ಗೆ ದೊಡ್ಡ ಮಗನ ಮನೆಯಲ್ಲಿ ತಿಂಡಿ, ಸಂಜೆ ಚಿಕ್ಕವನ ಮನೆಯಲ್ಲಿ ಮುದ್ದೆ. ಮುನೀಂದ್ರ ವಿಮಾನಪುರದಿಂದ ಕಂಪನಿ ನೌಕರರನ್ನು ಕರೆದೊಯ್ಯುವ ವ್ಯಾನಿಗೆ ಡ್ರೈವರಾಗಿ ಸೇರಿದ. ಮೊದಲ ತಿಂಗಳು ಯಾರಾದರೂ "ಅಣ್ಣಾ" ಎಂದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. ತನ್ನನ್ನೇ ಕೂಗಿದ್ದೆಂದು ಅವನಿಗೆ ಹೊಳೆಯುತ್ತಿರಲಿಲ್ಲವಂತೆ.

ಭವ್ಯ ಗುಡಿಯ ಅಧ್ಯಾಯವನ್ನು ಅಳಿಸಿದಳು. ಬೈಯಣ್ಣನನ್ನು ಬಾಗಿಲಿನಿಂದ ಆಚೆ ನಡೆಸಲು ಎಷ್ಟೋ ಮಧ್ಯಾಹ್ನ ಪ್ರಯತ್ನಿಸಿದಳು. ಅವನು ಕದಲಲಿಲ್ಲ. ಕೊನೆಗೆ, ಅವನು ಒಂದು ರಾತ್ರಿ ಕೋಟೆಯ ಹಿಂದಿನ ದಿಡ್ಡಿಬಾಗಿಲಿನಿಂದ ಮುದುಕರನ್ನೂ ಹೆಂಗಸರು ಮಕ್ಕಳನ್ನೂ ದಾಟಿಸಿ, ತಾನು ಮಾತ್ರ ಹೊರಬಾಗಿಲಿಗೆ ಮರಳಿ ನಿಲ್ಲುವಂತೆ ಬರೆದಳು. ಬೆಳಗಾಗುವಾಗ ಸತ್ತ. ಅಣ್ಣ ಬರಲಿಲ್ಲ. ಓದುಗರು ಸಿಕ್ಕಾಪಟ್ಟೆ ಬೈದರು. ಅತ್ತವರೂ ಇದ್ದರು.

ಮುನೀಂದ್ರ ವ್ಯಾನು ನಿಲ್ಲಿಸಿಕೊಂಡು ಓದಿ, ಮನೆಗೆ ಬಂದವನೇ ಕೇಳಿದ: "ನಿಂತ್ಬಿಟ್ನಲ್ಲೇ?"

"ಅವ್ನು ಹಾಗೇ ಇದ್ದ. ನಾನೇನ್ ಮಾಡ್ಲಿ?"

"ಪಾಪ" ಎಂದ ಮುನೀಂದ್ರ, ಪರಿಚಯದವನೊಬ್ಬ ತೀರಿಕೊಂಡ ಸುದ್ದಿ ಕೇಳಿದ ಹಾಗೆ.

ರಾಮಾಂಜಿನಪ್ಪನವರೂ ಓದಿದ್ದರು. ತಾಯಿಯ ಕೈಯಲ್ಲಿ ಹೇಳಿ ಕಳಿಸಿದರು: ತಮ್ಮ ಬಾಗಿಲಲ್ಲಿ ಸತ್ತದ್ದು ಸರಿಯಾಗಿದೆ, ತಾನು ಹೇಳಿದ್ದೂ ಅದನ್ನೇ. ಅಣ್ಣ ಬಂದು ಗೆಲ್ಲುವುದೊಂದು ಸೇರಿಸಿದರೆ ಈಗಲೂ ಪುಸ್ತಕ ಮಾಡಿಸಲು ತಯಾರು. ಭವ್ಯ ಆಗುವುದಿಲ್ಲವೆಂದಳು. ಪುಸ್ತಕದ ಆಸೆ ಸತ್ತಿರಲಿಲ್ಲ.

ಪಟಾಲಮ್ಮ ಆ ಉತ್ತರ ತೆಗೆದುಕೊಂಡು ಕೂಡಲೇ ಕೆಳಗಿಳಿಯಲಿಲ್ಲ. ಅವರಿಗೆ ಓದಲು ಬರುತ್ತಿರಲಿಲ್ಲ. "ಏನದು ಅಂಥಾದ್ದು, ನಂಗೂ ಹೇಳು" ಎಂದು ಚಾಪೆಯ ಮೇಲೆ ಕೂತರು. ಭವ್ಯ ಕೊನೆಯ ಕಂತುಗಳನ್ನು ಗಟ್ಟಿಯಾಗಿ ಓದಿದಳು. ಮುದುಕಿ ಎಲೆ ಅಡಿಕೆ ಅಗಿಯುತ್ತಾ, ಎಲ್ಲೂ ಅಡ್ಡ ಮಾತಾಡದೆ ಕೇಳಿದರು. ಮುಗಿದ ಮೇಲೆ ಕೇಳಿದರು:

"ಆ ಬೈಯಣ್ಣಂಗೆ ಹೆಂಡ್ತಿ ಇರ್ಲಿಲ್ವೇನೆ?"

ಭವ್ಯ ಫೋನಿನಲ್ಲಿ ಹಿಂದಿನ ಕಂತುಗಳನ್ನು ಸರಿಸಿ ನೋಡಿದಳು. ಅಷ್ಟು ಕಂತುಗಳಲ್ಲಿ ಅವಳು ಅವನ ಹೆಂಡತಿಯ ವಿಷಯ ಒಂದು ಸಾಲೂ ಬರೆದಿರಲಿಲ್ಲ.

"ಇದ್ಳು ಅತ್ತೆ" ಎಂದಳು. "ದಿಡ್ಡಿಯಿಂದ ಆಚೆ ಹೋದೋರಲ್ಲಿ ಅವಳೂ ಇದ್ಳು."

"ಆಮೇಲೆ ಎಲ್ಲಿಗೆ ಹೋದ್ಳು?"

ಈ ವರ್ಷ ಭವ್ಯ ಬರೆಯುತ್ತಿರುವುದು ಅದನ್ನೇ.