ಅಮ್ಮನ ಟ್ರಂಕಿನಲ್ಲಿ ಒಂಬತ್ತು ಮರಿ

ಅಮ್ಮ ಸಾಯುವುದಕ್ಕೆ ಹತ್ತು ದಿನ ಮುಂಚೆ ಕೆಂಪು ಹ್ಯಾಟೆ ಕೋಳಿಯನ್ನು ಕಾವಿಗೆ ಕೂರಿಸಿದ್ದಳು. ಬಿದಿರು ಬುಟ್ಟಿಗೆ ರಾಗಿ ಹೊಟ್ಟು ಹರಡಿ, ಹನ್ನೊಂದು ಮೊಟ್ಟೆ ಜೋಡಿಸಿ, ಗುಡುಗಿಗೆ ಕೆಡದಿರಲಿ ಎಂದು ಒಂದು ಚೂರು ಇದ್ದಿಲು, ಒಂದು ತುಕ್ಕು ಮೊಳೆ ಇಟ್ಟಿದ್ದಳು. ಈ ಚಳಿಯಲ್ಲಿ ಗುಡುಗು ಎಲ್ಲಿಂದ ಬರುತ್ತೆ ಎಂದು ನಾನು ರೇಗಿಸಿದೆ.

"ನಿನ್ ಬಾಯಿಗಿಂತ ದೊಡ್ಡ ಗುಡುಗು ಇನ್ಯಾವ್ದೇ?" ಅಂದಳು.

ಅವಳಿಗೆ ಎದೆನೋವು ಬಂದದ್ದು ಬೆಳಗ್ಗೆ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಹನ್ನೊಂದನೇ ದಿನ ಬೇತಮಂಗಲದ ಕಡೆಯಿಂದ, ಕ್ಯಾಸಂಬಳ್ಳಿ ಕಡೆಯಿಂದ ನೆಂಟರು ಬಂದು, ಎಡೆ ಇಟ್ಟು ಉಣ್ಣುತ್ತಿದ್ದಾಗ ಮೂಲೆಯ ಬುಟ್ಟಿಯಲ್ಲಿ ಮೊಟ್ಟೆಗಳು ಒಡೆದವು. ಒಂಬತ್ತು ಮರಿ. ಅಷ್ಟು ದಿನವೂ ಬಾಯಿ ಬಿಡದೆ ಕೂತಿದ್ದ ಅಪ್ಪ ಎದ್ದು ಬಂದು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇವು ಅವಳು ಇಟ್ಟಿದ್ದು ಕಣಮ್ಮ. ಒಂದೂ ಓಗ್ಬಾರ್ದು."

ತಿಥಿಯ ಎಂಜಲೆಲೆಗೆ ಬಂದು ಸೇರಿದ ಬೀದಿನಾಯಿಗಳು ಮಾರನೇ ದಿನವೂ ಹಿತ್ತಲು ಬಿಟ್ಟಿರಲಿಲ್ಲ. ಮರಿಗಳಿಗೆ ಅಡ್ಡ ನಿಂತ ಹ್ಯಾಟೆಯನ್ನು ಕಣ್ಣೆದುರಿಗೇ ಕಚ್ಚಿಕೊಂಡು ಹೋದವು. ಮರಿಗಳನ್ನು ನಾನು ಸೆರಗಿಗೆ ತುಂಬಿಕೊಂಡು ಒಳಗೆ ತಂದೆ.

ಇನ್ನು ಇವನ್ನು ಯಾವುದರಲ್ಲಿ ಇಟ್ಟು ಸಾಕುವುದು? ಮನೆಯಲ್ಲಿ ಎಲ್ಲದಕ್ಕೂ ನನ್ನದೇ ಕೊನೆಯ ಮಾತಾಗಬೇಕು. ಅದು ನನ್ನ ಹುಟ್ಟುಗುಣ. ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿದೆ. ಇಲಿ ಕಚ್ಚಬಾರದು, ಬೆಕ್ಕು ಹಾರಬಾರದು, ತಣ್ಣನೆ ಗಾಳಿ ಹೊಡೆಯಬಾರದು, ಮೇಲೊಂದು ಬಲ್ಬು ಇರಬೇಕು. ಇಷ್ಟು ಕೇಳಿ, ಎಲ್ಲ ತಿಳಿದವಳಂತೆ ಅರ್ಧಕ್ಕೇ ನಿಲ್ಲಿಸಿದೆ. ನಾನು ಕೆಲಸ ಮಾಡುವ ಬಂಗಾರಪೇಟೆಯ ಬಟ್ಟೆ ಅಂಗಡಿಯಿಂದ ತಂದ ರಟ್ಟಿನ ಡಬ್ಬ ಇತ್ತು. ಅದನ್ನು ಇಲಿ ಕೊರೆಯುತ್ತದೆ. ಬಿದಿರು ಬುಟ್ಟಿಯ ತುಂಬ ಸಂದು. ಆಗ ಕಣ್ಣಿಗೆ ಬಿದ್ದದ್ದು ಅಮ್ಮನ ತಗಡಿನ ಟ್ರಂಕು. ಅವಳ ಸೀರೆಗಳನ್ನು ಹಿಂದಿನ ದಿನವಷ್ಟೇ ಹಂಚಿ ಖಾಲಿ ಮಾಡಿದ್ದೆವು. ಅವಳ ಮರಿಗಳು ಅವಳ ಟ್ರಂಕಿನಲ್ಲೇ ಇರಲಿ ಅನ್ನಿಸಿ ಕಣ್ಣು ತುಂಬಿತು. ನಿಜ ಹೇಳಬೇಕೆಂದರೆ, ಆ ಅಳು ನನ್ನ ಬುದ್ಧಿ ಕೆಡಿಸಿತು.

ಹೊಟ್ಟು ಹರಡಿ, ಬಲ್ಬು ಇಳಿಬಿಟ್ಟು, ಮುಚ್ಚಳವನ್ನು ಒಂದು ಗೇಣು ಎತ್ತಿ ನಿಲ್ಲಿಸಿ, ಆ ಸಂದಿಗೆ ಗೋಣಿಚೀಲ ಹೊದಿಸಿದೆ. ಅಪ್ಪ ಬಂದು ಬಗ್ಗಿ ನೋಡಿದ.

"ಇದು ಸಣ್ದಾಯ್ತು ಕಣಮ್ಮ. ಬಿಸಿ ಜಾಸ್ತಿ ಆದ್ರೆ ಎಲ್ಲಿಗೆ ಓಗ್ತವೆ? ನಾವು ಕೆಳಗೆ ಕೆಲ್ಸ ಮಾಡೋವಾಗ ಕಲ್ಲೇ ಸುಡ್ತಿತ್ತು. ಗಾಳಿ ಬರೋ ಕಡೆ ಓಗಿ ಅಷ್ಟೊತ್ತು ನಿಂತ್ಕಂಡು ಬರ್ತಿದ್ವಿ. ನಿಂತ್ಕಳ್ಳಾಕೆ ಜಾಗ ಇತ್ತು, ಬದುಕ್ಕಂಡ್ವಿ."

ಅಪ್ಪ ಚಿನ್ನದ ಗಣಿ ಮುಚ್ಚುವವರೆಗೂ ಚಾಂಪಿಯನ್ ರೀಫ್ಸ್‌ನಲ್ಲಿ ಡ್ರಿಲ್ ಹಿಡಿದವನು. ಆ ಸದ್ದಿಗೆ ಎರಡು ಕಿವಿಯೂ ಹೋಗಿವೆ. ಅವನೊಂದಿಗೆ ಏನು ಮಾತಾಡಿದರೂ ಜಗಳದಂತೆ ಕೂಗಬೇಕು. ಆವತ್ತು ನಾನು ಜಗಳವನ್ನೇ ಆಡಿದೆ.

"ಗಣಿಗೂ ಕೋಳಿಗೂ ಏನಪ್ಪ ಸಂಬಂಧ? ಸುಮ್ನೆ ಇರು. ಅದನ್ನ ಮುಟ್ಬೇಡ, ತೆಗೀಬೇಡ. ಬೆಕ್ಕು ಬರ್ದಂಗೆ ನೋಡ್ಕ, ಸಾಕು."

ಆ ರಾತ್ರಿಯ ಚಳಿಗೆ ಟ್ರಂಕು ಸರಿಯಾಗಿಯೇ ಇತ್ತು. ಬೆಳಗ್ಗೆ ಒಂಬತ್ತು ಮರಿಗಳೂ ನುಚ್ಚು ಕುಕ್ಕುತ್ತಿದ್ದವು. ಹೊರಗೆ ಮಂಜು ಇನ್ನೂ ಇಳಿಯುತ್ತಿತ್ತು ಎಂದು ಬಲ್ಬು ಉರಿಯಲು ಬಿಟ್ಟೆ, ಗೋಣಿಯನ್ನೂ ತೆಗೆಯಲಿಲ್ಲ. ನೋಡಿದೆಯಾ ಎಂಬಂತೆ ಅಪ್ಪನ ಮುಖ ನೋಡಿ ಬಸ್ಸಿಗೆ ಓಡಿದೆ. ನಮ್ಮ ಮನೆಯದು ಸಿಮೆಂಟ್ ಶೀಟಿನ ಮಾಡು, ಚಳಿಗಾಲದಲ್ಲೂ ಹನ್ನೆರಡರ ಮೇಲೆ ಕಾಯುತ್ತದೆ. ಹುಟ್ಟಿದಾಗಿನಿಂದ ಅದರಡಿಯಲ್ಲೇ ಬೆಳೆದವಳಿಗೆ ಅದು ನೆನಪಾಗಲಿಲ್ಲ.

ಸಂಜೆ ಬಂದಾಗ ಪಕ್ಕದ ಮನೆಯಾಕೆ ಗೋಡೆಯಾಚೆ ಬಟ್ಟೆ ತೆಗೆಯುತ್ತಿದ್ದಳು.

"ಅಕ್ಕ, ನಿಮ್ ಮರಿಗ್ಳು ಮದ್ಯಾನೆಲ್ಲ ಒಂದೇ ಸಮ ಅರಚ್ಕಂತಿದ್ವು. ಅಪ್ಪ ಅಲ್ಲೇ ಅವ್ರಲ್ಲ ಅಂತ ನಾನು ಬರ್ಲಿಲ್ಲ. ಈಗ ಸುಮ್ಕಾದ್ವು."

ಚೀಲ ಅಲ್ಲೇ ಬಿಸಾಡಿ ಒಳಗೆ ಹೋದೆ. ಅಪ್ಪ ಟ್ರಂಕಿಗೆ ಆತುಕೊಂಡಂತೆ ಮಣೆ ಹಾಕಿಕೊಂಡು, ಮಂಡಿ ಮೇಲೆ ಕೋಲಿಟ್ಟುಕೊಂಡು ಕೂತಿದ್ದ. ಬೆಳಗ್ಗೆ ಮುಚ್ಚಿಟ್ಟು ಹೋದ ಮುದ್ದೆ ಹಾಗೇ ಇತ್ತು.

"ಬೆಕ್ಕು ಬರ್ಲಿಲ್ಲ ಕಣಮ್ಮ. ಒಂದ್ ಕಿತನೂ ಬರ್ಲಿಲ್ಲ. ನಾನು ಎದ್ದೇ ಇಲ್ಲ," ಎಂದು ನಕ್ಕ. ಅಮ್ಮ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಗೋಣಿ ಎತ್ತಿದೆ. ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಒಂಬತ್ತು ಮರಿಗಳೂ ಬಲ್ಬಿನಿಂದ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋಗಿ, ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು, ಕೊಕ್ಕು ತೆರೆದುಕೊಂಡು ಸತ್ತಿದ್ದವು. ಕೋಳಿ ತುಳಿದು ಮರಿ ಸಾಯೋಲ್ಲ ಅನ್ನುತ್ತಾರೆ. ನಾನು ತುಳಿಯಲೂ ಇಲ್ಲ, ಜೋಪಾನ ಮಾಡಿದೆ.

ಆ ವಿಡಿಯೋವನ್ನು ಆಮೇಲೆ, ಆ ರಾತ್ರಿ ಪೂರ್ತಿ ನೋಡಿದೆ. ಅಗಲವಾದದ್ದು ಇರಲಿ, ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ ಇರಲಿ, ಮರಿಗಳೇ ಬೇಕಾದ ಕಡೆ ಹೋಗುತ್ತವೆ ಎಂದು ಕೊನೆಯಲ್ಲಿ ಹೇಳಿದ್ದರು. ಅಪ್ಪ ಹೇಳಿದ್ದು ಅದನ್ನೇ.

ನಾನು ಗೋಣಿ ಹಿಡಿದು ನಿಂತಿದ್ದಾಗಲೇ ಅಪ್ಪ ಕೋಲು ಊರಿಕೊಂಡು ಎದ್ದು ಟ್ರಂಕಿನೊಳಗೆ ಬಗ್ಗಿದ. ಒಂದು ಮರಿಯನ್ನು ಅಂಗೈಗೆ ಎತ್ತಿಕೊಂಡು ಬೆರಳಿನಿಂದ ಕೊಕ್ಕು ಮುಚ್ಚಿದ. ಅದು ಮತ್ತೆ ತೆರೆದುಕೊಂಡಿತು. ಆಮೇಲೆ ತಲೆ ಎತ್ತಿ ಕೇಳಿದ.

"ಅರಚಿದ್ವೇನಮ್ಮ? ನಾನು ಇಲ್ಲೇ ಇದ್ನಲ್ಲ."

ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಅಪ್ಪನ ಕಿವಿಗೆ ಬಾಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದೆ:

"ಇಲ್ಲಪ್ಪ. ಅರಚ್ಲೇ ಇಲ್ಲ."